ಸ್ಥಪತಿಯೂ ಯಜಮಾನನೂ

ಮನೆಯನ್ನು ಕಟ್ಟುವವನೊಬ್ಬ, ಅದರಲ್ಲಿ ವಾಸಿಸುವವನು ಮತ್ತೊಬ್ಬ. ಇವರಲ್ಲಿ ಯಾರ ಅಳತೆಗೆ ಮನೆಯು ಒಪ್ಪಬೇಕೆಂಬ ಪ್ರಶ್ನೆಯು ಪುರಾತನವಾದುದು. ಲೆ ಕಾರ್ಬುಸಿಯೆ ಎಂಬ ಪ್ರಖ್ಯಾತ ಸ್ಥಪತಿಯ ಚರಿತ್ರೆಯನ್ನು ನೋಡಿದರೆ ಆ ಪ್ರಶ್ನೆಯು ಇನ್ನೂ ತೀರಿಲ್ಲವೆಂದು ವಿಶದವಾಗುವುದು.

ಈತನ ಜನ್ಮನಾಮ ಷಾರ್ಲ್ ಎಡ್ವಾರ್ ಜಾನರೆ. 1887ನೆಯ ಇಸವಿಯಲ್ಲಿ, ಗಡಿಯಾರಗಳ ಕೆಲಸಕ್ಕೆ ಹೆಸರಾದ ಸ್ವಿಟ್ಜರ್‌ಲೆಂಡಿನ ಪಟ್ಟಣವೊಂದರಲ್ಲಿ ಜನಿಸಿದನು. ಪ್ಯಾರಿಸ್ ನಗರದಲ್ಲಿ ನೆಲಸಿ, 1920ರಲ್ಲಿ ಹೊಸ ಹೆಸರನ್ನು ಧರಿಸಿದನು. ಯಂತ್ರಯುಗದ ಮನೆಯು ಯಂತ್ರದಂತೆಯೇ ಪ್ರಯೋಜನಕ್ಕೆ ತಕ್ಕುದಾಗಿರಬೇಕು, ಅಲಂಕಾರವು ವ್ಯರ್ಥ, ಎಂಬುದು ಅವನ ಸಿದ್ಧಾಂತವಾಗಿದ್ದಿತು. 1925ರಲ್ಲಿ, ಪ್ಯಾರಿಸಿನ ಹಳೆಯ ಕೇರಿಗಳ ವಿಶಾಲಭಾಗವನ್ನು ಕೆಡವಿ ಅಲ್ಲಿ 18 ಗಗನಚುಂಬಿ ಸೌಧಗಳನ್ನು ನಿಲ್ಲಿಸಬೇಕೆಂಬ ಯೋಜನೆಯನ್ನು ಮುಂದಿಟ್ಟನು. ಕೇರಿಯ ನಿವಾಸಿಗಳ ಇಷ್ಟಾನಿಷ್ಟಗಳಿಗೆ ಅದರಲ್ಲಿ ಎಡೆಯಿರಲಿಲ್ಲ. ಪ್ಯಾರಿಸಿನ ಪುಣ್ಯದಿಂದ ಅದು ಕಾಗದದಲ್ಲಿಯೇ ಉಳಿಯಿತು.

ಪ್ಯಾರಿಸಿನ ಸಮೀಪದಲ್ಲಿ ಸವ್ವಾ ದಂಪತಿಗಳಿಗಾಗಿ ಈತನು ಕಟ್ಟಿದ ಬಿಳಿಯ ಮನೆಯು 1931ರಲ್ಲಿ ಮುಗಿಯಿತು. ತೆಳುವಾದ ಕಂಬಗಳ ಮೇಲೆ ತೇಲುವಂತಿರುವ ಆ ಮನೆಯನ್ನು ಲೋಕವು ಕೊಂಡಾಡಿತು. ಒಳಗಿದ್ದ ಮನೆಯೊಡತಿಯಾದರೋ, ಸೋರುವ ಮಾಳಿಗೆಯ ವಿಷಯವಾಗಿ ಪತ್ರದ ಮೇಲೆ ಪತ್ರವನ್ನು ಬರೆಯಬೇಕಾಯಿತು. ಯುದ್ಧಕಾಲದಲ್ಲಿ ಜರ್ಮನರಿಗೆ ಅಧೀನವಾಗಿದ್ದ ವಿಷಿ ಸರ್ಕಾರದ ಆಶ್ರಯವನ್ನು ಅವನು ಬಯಸಿ ಹೋದುದು ಅವನ ಕೀರ್ತಿಗೆ ಅಂಟಿದ ಕಲಂಕ.

ಬಳಿಕ ‘ಮಾಡ್ಯುಲರ್’ ಎಂಬ ಮಾನಪದ್ಧತಿಯನ್ನು ರಚಿಸಿದನು. ಕೈಯೆತ್ತಿ ನಿಂತ ಆರಡಿಯ ಮನುಷ್ಯನೇ ಅದಕ್ಕೆ ಆಧಾರ: ನೆತ್ತಿಯವರೆಗೆ 1.83 ಮೀಟರು, ಎತ್ತಿದ ಕೈಯವರೆಗೆ 2.26 ಮೀಟರು. ನಮ್ಮ ಶುಲ್ಬಸೂತ್ರಗಳಲ್ಲಿಯೂ ಇಂತಹ ಮಾನವುಂಟು. ಅಗ್ನಿಚಯನದಲ್ಲಿ ಯಜಮಾನನು ಕೈಗಳನ್ನೆತ್ತಿ ನಿಂತಾಗಿನ ಎತ್ತರಕ್ಕೆ ‘ಪುರುಷ’ವೆಂದು ಹೆಸರು, ಚಿತಿಯನ್ನು ಅದರಿಂದಲೇ ಅಳೆಯುವುದು. ಆದರೆ ಭೇದವು ಸಾಮಾನ್ಯವಲ್ಲ. ಇಲ್ಲಿ ಅಳತೆಯು ಎದುರಿಗೆ ನಿಂತ ಯಜಮಾನನದು. ಅಲ್ಲಿ ಸ್ಥಪತಿಯು ಕಲ್ಪಿಸಿಕೊಂಡ ಒಬ್ಬನದು.

1947ರಲ್ಲಿ ಲಾಹೋರು ಪಾಕಿಸ್ತಾನಕ್ಕೆ ಸೇರಲು, ಪೂರ್ವ ಪಂಜಾಬಿಗೆ ಹೊಸ ರಾಜಧಾನಿಯು ಬೇಕಾಯಿತು. ಮೊದಲು ನಕ್ಷೆಯನ್ನು ರಚಿಸಿದವರು ಮೇಯರ್ ಮತ್ತು ನೋವಿಟ್ಸ್ಕಿ ಎಂಬವರು. ನೋವಿಟ್ಸ್ಕಿಯು 1950ರಲ್ಲಿ ವಿಮಾನಾಪಘಾತದಲ್ಲಿ ಮಡಿದಮೇಲೆ, 1951ರಲ್ಲಿ ಕಾರ್ಯವು ಲೆ ಕಾರ್ಬುಸಿಯೆಯ ಕೈಗೆ ಬಂದಿತು. ಪ್ಯಾರಿಸಿನಲ್ಲಿ ಕೈಗೂಡದ ನಗರನಿರ್ಮಾಣದ ಕನಸು ಚಂಡೀಗಢದ ಬಯಲಿನಲ್ಲಿ ಬೇರೊಂದು ರೂಪದಿಂದ ಕೈಗೂಡಿತು. ನಿರಾಶ್ರಿತರಿಗೆ ನೆಲೆ ದೊರೆಯಿತು. ಆದರೆ ಅದಕ್ಕಾಗಿ ಅಲ್ಲಿಯ ಹಳ್ಳಿಗರು ಹೊಲಮನೆಗಳನ್ನು ಬಿಟ್ಟೇಳಬೇಕಾಯಿತು.

ಶಾಸನಸಭೆ, ನ್ಯಾಯಾಲಯ, ಸಚಿವಾಲಯಗಳನ್ನು ಅವನು ತನ್ನ ಕೈಯಲ್ಲಿಯೇ ಇಟ್ಟುಕೊಂಡನು. ಜನರ ಮನೆಗಳನ್ನು ಬಹುಮಟ್ಟಿಗೆ ರಚಿಸಿದವರು ಅವನ ಜ್ಞಾತಿಯಾದ ಪಿಯೆರ್ ಜಾನರೆಯೂ, ಮ್ಯಾಕ್ಸ್‌ವೆಲ್ ಫ್ರೈ, ಜೇನ್ ಡ್ರೂ ದಂಪತಿಗಳೂ. ಲೆ ಕಾರ್ಬುಸಿಯೆಯು ಆಗಾಗ ಬಂದು ಹೋಗುತ್ತಿದ್ದನು. ಇವರು ಆ ಸ್ಥಳದಲ್ಲಿಯೇ ವಾಸವಾಗಿದ್ದು ಜವಾನನ ಮನೆಗೂ ನೀರು, ಶೌಚಗೃಹಗಳನ್ನು ಏರ್ಪಡಿಸಿದರು.

1965ನೆಯ ಆಗಸ್ಟ್ 27ರಂದು ಮೆಡಿಟರೇನಿಯನ್ ಸಮುದ್ರದಲ್ಲಿ ಈಜಲು ಹೋಗಿ ಅವನು ಮೃತನಾದನು. 2016ರಲ್ಲಿ ಅವನ 17 ಕೃತಿಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅವನ ಪ್ರತಿಭೆಯನ್ನು ಅಲ್ಲಗಳೆಯುವವನು ಮತ್ಸರಿ. ಆದರೆ ಸವ್ವಾ ಗೃಹಿಣಿಯ ಪತ್ರಗಳನ್ನೂ, ಒಕ್ಕಲೆದ್ದ ಹಳ್ಳಿಗರನ್ನೂ ಮರೆತು ಮಾಡಿದ ಪ್ರಶಂಸೆಯು ಅರ್ಧಸತ್ಯ. ಸ್ಥಪತಿಯ ರೇಖೆಯು ಎಷ್ಟೇ ಸುಂದರವಾಗಿರಲಿ, ಮಳೆ ಸುರಿದಾಗ ತೋಯುವವನು ಯಜಮಾನನೇ ಅಲ್ಲವೆ?