ರೈಲ್ವೆ ಟೈಂಟೇಬಲ್ಲಿನ ಇಂಗ್ಲಿಷ್ ಪಾಠ

ಹಾಸನ ಜಿಲ್ಲೆಯ ನಮ್ಮ ಹಳ್ಳಿ ಶಾಲೆಯಲ್ಲಿ ನಾನು ಐದನೇ ಕ್ಲಾಸಿಗೆ ಬಂದಿದ್ದು 1979ರಲ್ಲಿ. ಎಬಿಸಿಡಿ ಶುರುವಾಗಿದ್ದೂ ಆಗಲೇ. ಮೇಷ್ಟ್ರು ಬಾಗಿಲ ಕಡೆ ನಡೆಯುತ್ತಾ "ಐ ಆಮ್ ಗೋಯಿಂಗ್ ಟು ದ ಡೋರ್" ಅನ್ನೋರು. ನಾವು ನಲವತ್ತು ಜನ ಕೂತಲ್ಲೇ ಅದನ್ನು ಕೂಗ್ತಿದ್ವಿ. ಬಾಗಿಲಿಗೆ ಯಾಕೆ ಹೋಗ್ತಿದ್ದಾರೆ ಅಂತ ಒಬ್ಬರೂ ಕೇಳಲಿಲ್ಲ!

ಇದು ಮೇಷ್ಟ್ರ ತಪ್ಪಲ್ಲ ಅಂತ ಗೊತ್ತಾಗಿದ್ದು ಬಹಳ ತಡವಾಗಿ, ಮಗಳು ಬಿ.ಎಡ್. ಓದುವಾಗ ತಂದ ಪುಸ್ತಕದಿಂದ. 1950ರ ದಶಕದಲ್ಲಿ ನಮ್ಮ ಕಡೆಯ ಶಾಲೆಗಳಿಗೆ 'ಸ್ಟ್ರಕ್ಚರಲ್' ಪದ್ಧತಿ ಬಂತು. ವಾಕ್ಯದ ಅಚ್ಚುಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿ, ಒಂದೊಂದನ್ನೇ ಹೇಳಿಸಿ ಹೇಳಿಸಿ ಬಾಯಲ್ಲಿ ಕೂರಿಸೋದು. ಬರೀ ವ್ಯಾಕರಣ, ಅನುವಾದ ಮಾಡಿಸುತ್ತಿದ್ದ ಹಳೇ ಪಾಠಕ್ಕಿಂತ ಇದು ವಾಸಿಯೇ. ಮಕ್ಕಳು ಬಾಯಾದರೂ ಬಿಡ್ತಿದ್ರು. ಆದರೆ ಕ್ಲಾಸಿನಲ್ಲಿ ಸರಿಯಾಗಿ ಹೇಳಿದ್ದು ಹೊರಗೆ ಬೇಕಾದಾಗ ಬರ್ತಿರಲಿಲ್ಲ.

ಈ ತೊಂದರೆಗೆ ದಾರಿ ಹುಡುಕಿದವರು ಎನ್. ಎಸ್. ಪ್ರಭು. ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದವರು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಬೆಂಬಲದಿಂದ 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸ್ ಮೊದಲಾದ ಕಡೆ ಕೆಲವು ಶಾಲೆಗಳಲ್ಲಿ ಪ್ರಯೋಗ ಮಾಡಿದರು. ಹೊರದೇಶಗಳಲ್ಲೂ ಅದು 'ಬೆಂಗಳೂರು ಪ್ರಾಜೆಕ್ಟ್' ಅಂತಲೇ ಹೆಸರಾಯ್ತು.

ಅವರ ಪಾಠದಲ್ಲಿ ವಾಕ್ಯಗಳ ಪಟ್ಟಿಯೇ ಇಲ್ಲ. ಇದ್ದದ್ದು ರೈಲಿನ ಟೈಂಟೇಬಲ್, ನಕ್ಷೆ, ಕ್ಯಾಲೆಂಡರ್, ದುಡ್ಡಿನ ಲೆಕ್ಕ. ಈ ರೈಲು ತಪ್ಪಿದರೆ ಮುಂದಿನದು ಯಾವುದು, ಎಷ್ಟು ಹೊತ್ತು ಕಾಯಬೇಕು, ಅಂಥ ಸಮಸ್ಯೆಗಳು. ಮೊದಲು ಮೇಷ್ಟ್ರು ಇಡೀ ಕ್ಲಾಸಿನ ಜೊತೆ ಮಾತಾಡ್ತಾ ಒಂದನ್ನು ಬಿಡಿಸೋರು. ಆಮೇಲೆ ಅಂಥದ್ದೇ ಇನ್ನೊಂದನ್ನು ಪ್ರತಿ ಮಗು ತಾನೇ ಬಿಡಿಸಬೇಕು. ಉತ್ತರ ಸರಿ ಇದ್ದರೆ ಆಯ್ತು, ಇಂಗ್ಲಿಷ್ ಮುರುಕಾದರೂ ಪರವಾಗಿಲ್ಲ. ಮಾತಾಡಲೇಬೇಕು ಅನ್ನೋ ಒತ್ತಾಯವೂ ಇಲ್ಲ. ಗಮನ ಅರ್ಥದ ಮೇಲಿದ್ದರೆ ವ್ಯಾಕರಣ ತಾನಾಗಿ ಒಳಗಿಳಿಯುತ್ತೆ ಅನ್ನೋದು ಪ್ರಭು ಅವರ ನಂಬಿಕೆ.

ಗೆದ್ದರಾ ಅಂದರೆ, ಪೂರ್ತಿ ಹೌದು ಅನ್ನೋ ಹಾಗಿಲ್ಲ. 1985ರಲ್ಲಿ ಬೆರೆಟ್ಟಾ ಮತ್ತು ಡೇವಿಸ್ ಪ್ರಕಟಿಸಿದ ಮೌಲ್ಯಮಾಪನದಲ್ಲಿ ಹಳೇ ಪದ್ಧತಿಯ ಮಕ್ಕಳು ವಾಕ್ಯರಚನೆಯ ಪರೀಕ್ಷೆಯಲ್ಲಿ ಮುಂದಿದ್ದರು, ಪ್ರಭು ಅವರ ಮಕ್ಕಳು ಸಮಸ್ಯೆ ಬಿಡಿಸೋದರಲ್ಲಿ ಮುಂದಿದ್ದರು. ಪ್ರಭು ಅವರ ಪುಸ್ತಕ ಬಂದಿದ್ದು 1987ರಲ್ಲಿ. ಕೆಲಸ ಕೊಟ್ಟು ಭಾಷೆ ಕಲಿಸೋ ಪದ್ಧತಿಯ ಬಗ್ಗೆ ಮಾತು ಬಂದಾಗ ಅದರ ಹೆಸರು ಇವತ್ತಿಗೂ ಬರುತ್ತೆ.

ಅದನ್ನು ಓದುವಾಗ ನನಗೆ ನೆನಪಾಗಿದ್ದು ಚೆನ್ನೈನ ಬ್ಯಾಂಕ್ ಕೌಂಟರು. 1992ರಲ್ಲಿ ಅಲ್ಲಿ ಕೂತಾಗ ನನಗೆ ತಮಿಳು ಬರ್ತಿರಲಿಲ್ಲ. ಇಂಗ್ಲಿಷಿನಲ್ಲಿ ಒಳ್ಳೇ ಮಾರ್ಕ್ಸೇನೋ ಇತ್ತು, ಆದರೆ ಡಿಡಿ ಯಾಕೆ ಬಂದಿಲ್ಲ ಅಂತ ಒಬ್ಬ ಹಿರಿಯರು ಕೇಳಿದಾಗ ನಾಲಿಗೆ ಏಳಲಿಲ್ಲ. ಆರು ತಿಂಗಳಲ್ಲಿ ಮಾತು ಬಂತು, ಪುಸ್ತಕದಿಂದಲ್ಲ. ಎದುರಿಗೆ ಕ್ಯೂ ಇತ್ತು, ಬಡ್ಡಿ ಲೆಕ್ಕ ಹೇಳಲೇಬೇಕಿತ್ತು.

ಅದೇ 1979ರಲ್ಲಿ, ಇನ್ನೂರು ಕಿಲೋಮೀಟರ್ ಒಳಗೇ ಬೆಂಗಳೂರಲ್ಲಿ, ನನ್ನಂಥ ಮಕ್ಕಳ ಕೈಯಲ್ಲಿ ರೈಲಿನ ಟೈಂಟೇಬಲ್ ಇತ್ತು. ನಾನು ಬಾಗಿಲಿಗೆ ಹೋಗ್ತಿದ್ದೆ. ಹೊಟ್ಟೆಕಿಚ್ಚೇ ಅನ್ನಿ.

ನಿಮ್ಮ ನಾಲಿಗೆ ಬಿಡಿಸಿದ್ದು ಯಾವುದು? ಪಾಠವೋ, ಪರಊರೋ?