ದವಾಖಾನಿಗೆ ಬಂದ ಹೊತ್ತು

ಚಿಕಿತ್ಸೆ ಹೆಚ್ಚು ಬೇಕಾದ ಕಡೆಯೇ ಅದು ಕಡಿಮೆ ಸಿಗುತ್ತದೆ ಎಂದು ವೇಲ್ಸ್‌ನ ಗಣಿ ಊರೊಂದರ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಎಂಬತ್ತರ ದಶಕದಲ್ಲಿ ಪೀಟರ್ ಟೌನ್‌ಸೆಂಡ್ ಬಡತನ ಅಳೆಯಲು ನಾಲ್ಕು ಸಂಗತಿ ಹಿಡಿದರು: ನಿರುದ್ಯೋಗ, ಇಕ್ಕಟ್ಟಿನ ವಾಸ, ಸ್ವಂತ ಮನೆ ಇಲ್ಲದಿರುವುದು, ಕಾರು ಇಲ್ಲದಿರುವುದು. (ಕಾರಿನ ಲೆಕ್ಕ ಹಿಡಿದರೆ ನಮ್ಮ ಬಾಗಲಕೋಟೆ ಜಿಲ್ಲೆಯ ಬೀಳಗಿಯ ಹಳ್ಳಿಗಳಲ್ಲಿ ಬಡವ ಯಾರು, ಉಳ್ಳವ ಯಾರು ಎಂದು ಗೊತ್ತೇ ಆಗದು.) ಅಂಥ ಸೂಚ್ಯಂಕಗಳ ಬೆನ್ನು ಹಿಡಿದ ಇಂಗ್ಲೆಂಡಿನ ಲೆಕ್ಕದ ಪ್ರಕಾರ, ಅತಿ ಬಡ ಪ್ರದೇಶಗಳಿಂದ ತುರ್ತು ವಿಭಾಗಕ್ಕೆ ಬರುವವರು ಸ್ಥಿತಿವಂತ ಪ್ರದೇಶಗಳವರ ಸುಮಾರು ಎರಡು ಪಟ್ಟು.

ಈ ಅಳತೆಗೋಲನ್ನು ಹಾಗೇ ಜಮಖಂಡಿ, ಮುಧೋಳಕ್ಕೆ ತಂದರೆ ಎಡವುತ್ತೇವೆ. ಇಲ್ಲಿ ಎಷ್ಟು ಜನ ಬಂದರು ಎಂಬುದಕ್ಕಿಂತ ಯಾವಾಗ ಬಂದರು ಎಂದು ಕೇಳಬೇಕು. ಬಾಣಂತಿಯರ ಸಾವಿನ ಬಗ್ಗೆ 1994ರಲ್ಲಿ ಬರೆದ ಥಡಿಯಸ್ ಮತ್ತು ಮೇನ್ ತಡವನ್ನು ಮೂರಾಗಿ ಬಿಡಿಸಿದ್ದರು: ಹೊರಡಲು ತಡ, ದಾರಿಯಲ್ಲಿ ತಡ, ಆಸ್ಪತ್ರೆ ಮುಟ್ಟಿದ ಮೇಲೂ ತಡ. ನಮ್ಮ ಸೀಮೆಗೆ ಒಪ್ಪುವುದು ಇದು. ರಬಕವಿ-ಬನಹಟ್ಟಿಯಲ್ಲಿ ಮಗ್ಗ ನಿಂತರೆ ಕೂಲಿಯೂ ನಿಲ್ಲುತ್ತದೆ. ಎದೆ ಹಿಡಿದರೂ ಮೆಡಿಕಲ್ ಅಂಗಡಿಯ ಗ್ಯಾಸಿನ ಗುಳಿಗೆ ನುಂಗಿ ಪಾಳಿ ಮುಗಿಸುವ ನೇಕಾರನಿದ್ದಾನೆ.

ಹಾವಿನ ಕಡಿತವನ್ನೇ ನೋಡಿ. ಕಟ್ಟಹಾವು ಕಡಿಯುವುದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು. ನೋವಿಲ್ಲ, ಬಾವಿಲ್ಲ, ಹಲ್ಲಿನ ಗುರುತೂ ಸರಿಯಾಗಿ ಕಾಣದು. ಬೆಳಗ್ಗೆ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋತು ಬೀಳುವುದು, ಕೊನೆಗೆ ಉಸಿರೇ ಸೋಲುವುದು. ಕಬ್ಬು ಕಡಿಯುವ ಗ್ಯಾಂಗಿನ ಗುಡಿಸಲಿನಲ್ಲಿ ಮಂಚವೆಲ್ಲಿ? ಉಸಿರಾಟದ ಯಂತ್ರ ಬೇಕಾದಾಗ ‘ದೊಡ್ಡ ದವಾಖಾನಿಗೆ ಒಯ್ರಿ’ ಎಂಬ ಮಾತು ಬರುತ್ತದೆ. ದೊಡ್ಡದೆಂದರೆ ಬಾಗಲಕೋಟೆ, ಬೆಳಗಾವಿ, ಇಲ್ಲವೇ ಮಿರಜ. ದೇಶದಲ್ಲಿ ವರ್ಷಕ್ಕೆ ಸುಮಾರು 46,000 ಜನ ಹಾವು ಕಡಿದು ಸಾಯುತ್ತಾರೆ ಎಂದು 2011ರಲ್ಲಿ ಅಂದಾಜಿಸಿದ ಅಧ್ಯಯನ, ಆ ಸಾವುಗಳಲ್ಲಿ ಆಸ್ಪತ್ರೆಯಲ್ಲಿ ಆದವು ನಾಲ್ಕನೇ ಒಂದು ಪಾಲಿಗೂ ಕಡಿಮೆ ಎಂದಿತು. ಮಿಕ್ಕವರು ತುರ್ತು ವಿಭಾಗದ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ದುಡ್ಡಿನ ಅಡ್ಡಿ ತೆಗೆಯುವ ಕೆಲಸ ಬೇರೆಯಾಗಿಯೇ ನಡೆಯಿತು. ಸರ್ಕಾರಿ ಆಸ್ಪತ್ರೆ ತುರ್ತು ಚಿಕಿತ್ಸೆ ಕೊಡದಿದ್ದರೆ ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. 2008ರ ನವೆಂಬರಿನಲ್ಲಿ ರಾಜ್ಯಕ್ಕೆ 108 ಆಂಬುಲೆನ್ಸ್ ಬಂತು. 2010ರಲ್ಲಿ ಉತ್ತರ ಕರ್ನಾಟಕದಿಂದ ಶುರುವಾದ ವಾಜಪೇಯಿ ಆರೋಗ್ಯಶ್ರೀ ವಿಮಾ ಯೋಜನೆಯ ಬಗ್ಗೆ 2014ರಲ್ಲಿ ಬಿಎಂಜೆ ಪತ್ರಿಕೆ ಪ್ರಕಟಿಸಿದ ಅಧ್ಯಯನ, ಯೋಜನೆ ಇದ್ದ ಹಳ್ಳಿಗಳ ಬಿಪಿಎಲ್ ಕುಟುಂಬಗಳಲ್ಲಿ ಅದರ ವ್ಯಾಪ್ತಿಯ ಕಾಯಿಲೆಗಳ ಸಾವು ಶೇ 64ರಷ್ಟು ಕಡಿಮೆ ಎಂದು ಕಂಡಿತು. ಗಟ್ಟಿ ಫಲಿತಾಂಶವೇ, ಆದರೆ ಮುಖ್ಯವಾಗಿ ಹೃದ್ರೋಗ, ಕ್ಯಾನ್ಸರಿನದ್ದು. ನಡುರಾತ್ರಿ ಗುಡಿಸಲಿನಿಂದ ಹೊರಡಬೇಕಾದವನ ತಡ ಅದರಲ್ಲಿಲ್ಲ. 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ತುರ್ತು ಚಿಕಿತ್ಸೆಗೆ ಶಿಫಾರಸು ಪತ್ರ ಬೇಡ. ಸರಿ, ರೇಷನ್ ಕಾರ್ಡು ಊರಲ್ಲಿ ಬಿಟ್ಟು ಗುಳೆ ಬಂದವನು ಏನು ತೋರಿಸಬೇಕು?

2024ರಲ್ಲಿ ಕರ್ನಾಟಕ ಹಾವಿನ ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪಟ್ಟಿಗೆ ಸೇರಿಸಿತು. ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಡಬಹುದು: ತುರ್ತು ರೋಗಿಯ ಕೇಸ್ ಪೇಪರಿನಲ್ಲಿ ತೊಂದರೆ ಶುರುವಾದ ಹೊತ್ತು, ಮೊದಲು ಹೋದ ಜಾಗ, ಬಂದ ವಾಹನ ಈ ಮೂರನ್ನೂ ಬರೆದಿಡುವುದು. ಆಗ ಬೀಳಗಿ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಈ ನಾಲ್ಕೂ ತಾಲ್ಲೂಕುಗಳಲ್ಲಿ ಯಾವ ತಡ ಎಲ್ಲಿ ಹೆಚ್ಚು ಎಂದು ಹೋಲಿಸಲು ಆಗುತ್ತದೆ.