ಟೇಕಡಿಯ ಮೇಲೆ ಮುಧೋಳದ ನಾಯಿ

ಪುಣೆಯಲ್ಲಿ ನಾಯಿ ಸಾಕಿದವನಿಗೆ ಬಲುಬೇಗ ಗೊತ್ತಾಗುವ ಸಂಗತಿ ಒಂದಿದೆ. ಈ ಊರಿನಲ್ಲಿ ಉದ್ಯಾನಗಳು ಎಷ್ಟಿದ್ದರೂ ಅವು ನಾಯಿಗಲ್ಲ. ಮಹಾನಗರಪಾಲಿಕೆಯ ಹೆಚ್ಚಿನ ತೋಟಗಳ ಬಾಗಿಲಲ್ಲೇ ನಾಯಿಗೆ ಪ್ರವೇಶವಿಲ್ಲ ಅಂತ ಫಲಕ ತೂಗುಹಾಕಿರುತ್ತಾರೆ. ಹಾಗಾದರೆ ಎಲ್ಲಿಗೆ ಹೋಗೋದು? ಟೇಕಡಿಗೆ. ಟೇಕಡಿ ಅಂದರೆ ಮರಾಠಿಯಲ್ಲಿ ಗುಡ್ಡ. ಧಾರವಾಡದವರು ಹವಾ ತಗೊಳ್ಳಲು ಸಾಧನಕೇರಿ ಕಡೆ ಹೋಗುವಂತೆ ಪುಣೇಕರರು ಟೇಕಡಿ ಹತ್ತುತ್ತಾರೆ. ಬೆಳಗಿನ ಐದೂವರೆಗೇ ಟಾರ್ಚು, ಕೋಲು, ಮಂಗನ ಟೋಪಿ ಸಮೇತ ಹೊರಟುಬಿಡುತ್ತಾರೆ. ಅರ್ಧದಷ್ಟು ಜನರ ಕೈಯಲ್ಲಿ ನಾಯಿಯ ಹಗ್ಗವೂ ಇರುತ್ತದೆ.

ನನ್ನ ಕೈಯಲ್ಲಿರುವ ಹಗ್ಗದ ಆ ತುದಿಯಲ್ಲಿ ಮಲ್ಲ ಇದ್ದಾನೆ. ಜಾತಿ ಮುಧೋಳ. 2019ರಲ್ಲಿ ನಾನು ಬ್ಯಾಂಕಿನಿಂದ ನಿವೃತ್ತನಾದ ವರ್ಷ ಊರ ಕಡೆಯಿಂದ ಎರಡು ತಿಂಗಳ ಮರಿಯಾಗಿ ಬಂದವನು. ಉದ್ದ ಮೂತಿ, ಬೆನ್ನಿಗೆ ಅಂಟಿದ ಹೊಟ್ಟೆ, ಎಣಿಸಬಹುದಾದಷ್ಟು ಪಕ್ಕೆಲುಬು. ದಾರಿಯಲ್ಲಿ ಸಿಕ್ಕ ಅಜ್ಜಿಯರು ಮೊದಮೊದಲು ‘ಅಹೋ ಕಾಕಾ, ಯಾಲಾ ಜೇವಾಯಲಾ ದೇತ ನಾಹಿ ಕಾ?’ ಅಂತ ಕೇಳುತ್ತಿದ್ದರು. ಇದಕ್ಕೆ ಊಟ ಹಾಕೋದಿಲ್ಲವೇನು ಅಂತ! ಅವನ ಮೈಕಟ್ಟೇ ಹಾಗೆ, ಓಡಲಿಕ್ಕೆ ಹುಟ್ಟಿದ ದೇಹ ಅಂತ ಎಷ್ಟು ಹೇಳಿದರೂ ಒಬ್ಬಾಕೆ ಪ್ರತಿ ಗುರುವಾರ ಚಪಾತಿ ತಂದು ತಿನ್ನಿಸುವುದನ್ನು ಬಿಡಲಿಲ್ಲ.

ನಾವು ಹೆಚ್ಚಾಗಿ ಹೋಗುವುದು ಫರ್ಗ್ಯುಸನ್ ಕಾಲೇಜಿನ ಹಿಂದಿನ ಹನುಮಾನ್ ಟೇಕಡಿಗೆ. ಇದು ಸಣ್ಣ ಗುಡ್ಡ, ಆದರೆ ಇತಿಹಾಸ ಸಣ್ಣದಲ್ಲ. 1905ರ ಜೂನ್ 12ರಂದು ಗೋಪಾಲಕೃಷ್ಣ ಗೋಖಲೆಯವರು ಮೂವರು ಸಂಗಡಿಗರೊಡನೆ ಈ ಗುಡ್ಡದ ಮೇಲೆ ಪ್ರತಿಜ್ಞೆ ಮಾಡಿ ಭಾರತ ಸೇವಕ ಸಮಾಜ ಕಟ್ಟಿದರು. ಕೆಳಗಿನ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಆದವರು ನಮ್ಮ ಬೇಂದ್ರೆ. ಆಗ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಹುಡುಗರಿಗೆ ದೊಡ್ಡ ಓದು ಅಂದರೆ ಪುಣೆ ಅಂತಲೇ ಲೆಕ್ಕ. ಕೆಳಗಿಳಿದರೆ ಅದೇ ರಸ್ತೆಯಲ್ಲಿ ‘ವೈಶಾಲಿ’ ಹೋಟೆಲು. ಅದನ್ನು ಬೆಳೆಸಿದ ಕರಾವಳಿಯ ಜಗನ್ನಾಥ ಶೆಟ್ಟರು 2023ರಲ್ಲಿ ತೀರಿಕೊಂಡರು. ಟೇಕಡಿ ಇಳಿದು ಅಲ್ಲಿ ಇಡ್ಲಿ ತಿನ್ನುವುದು ಪುಣೆಯ ಹಳೆಯ ಸಂಪ್ರದಾಯ. ಮಲ್ಲ ಜೊತೆಗಿದ್ದ ದಿನ ನನಗೆ ಆ ಭಾಗ್ಯವಿಲ್ಲ.

ದೊಡ್ಡ ಗುಡ್ಡ ವೇತಾಳ ಟೇಕಡಿ. ನಗರದೊಳಗಿನ ಅತಿ ಎತ್ತರದ ಜಾಗ, ಸಮುದ್ರಮಟ್ಟದಿಂದ ಸುಮಾರು 800 ಮೀಟರು. ಲಾ ಕಾಲೇಜಿನ ಹಿಂದಿನಿಂದಲೂ ಹತ್ತಬಹುದು, ಪಾಷಾಣದ ಕಡೆಯಿಂದಲೂ ಹತ್ತಬಹುದು. ತುದಿಯಲ್ಲಿ ವೇತಾಳನ ಗುಡಿ, ಪಕ್ಕದಲ್ಲಿ ಕೈಬಿಟ್ಟ ಕಲ್ಲುಗಣಿಯ ದೊಡ್ಡ ಹೊಂಡ, ಹುಲ್ಲುಗಾವಲಿನಲ್ಲಿ ನವಿಲು. ನವಿಲಿದ್ದಲ್ಲಿ ಮುಧೋಳದ ಹಗ್ಗ ಬಿಚ್ಚಬಾರದು. ಬೇರೆ ನಾಯಿ ಮೂಸಿ ಹುಡುಕುತ್ತದೆ, ಇದು ಕಣ್ಣಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನೋ ಅಲುಗಾಡಿತು ಅನ್ನುವಷ್ಟರಲ್ಲಿ ಅದು ಅಲ್ಲಿ ಇರುತ್ತದೆ, ನಾವು ಇಲ್ಲಿ ಇರುತ್ತೇವೆ.

‘ಗ್ರೇಹೌಂಡ್ ಕಾ?’ ಅಂತ ಹುಡುಗರು ಕೇಳುತ್ತಾರೆ. ವಯಸ್ಸಾದವರು ಮಾತ್ರ ‘ಕಾರವಾನಿ ಆಹೇ’ ಅಂತ ಗುರುತು ಹಿಡಿಯುತ್ತಾರೆ. ಎರಡೂ ಕಡೆಯವರು ತಮ್ಮದೆನ್ನುವ ನಾಯಿ ಇದು. ಮಹಾರಾಷ್ಟ್ರದಲ್ಲಿ ಕಾರವಾನಿ, ನಮ್ಮಲ್ಲಿ ಮುಧೋಳ. ಕೆನಲ್ ಕ್ಲಬ್ಬುಗಳೂ ಹೀಗೆಯೇ ಹಂಚಿಕೊಂಡಿವೆ, ಒಂದರ ದಫ್ತರದಲ್ಲಿ ಕ್ಯಾರವಾನ್ ಹೌಂಡ್, ಇನ್ನೊಂದರದರಲ್ಲಿ ಮುಧೋಳ ಹೌಂಡ್. ಬೇಟೆಗಾರರ ಗುಡಿಸಲುಗಳಲ್ಲಿದ್ದ ಈ ತಳಿಯನ್ನು ಆರಿಸಿ ಬೆಳೆಸಿದವರು ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ. ಅವರು ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟ ಕಥೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. 1948ರಲ್ಲಿ ಸಂಸ್ಥಾನ ಮುಂಬಯಿ ರಾಜ್ಯಕ್ಕೆ ಸೇರಿತು. ಅರಮನೆ ಹೋದರೂ ನಾಯಿ ಹೊಲಮನೆಗಳಲ್ಲಿ ಉಳಿಯಿತು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, 2016ರಲ್ಲಿ ತರಬೇತಿಗೆಂದು ಸೈನ್ಯದ ಮೀರತ್ ಕೇಂದ್ರಕ್ಕೂ ಹೋಯಿತು.

ಮಲ್ಲ ಅಂತ ಹೆಸರಿಟ್ಟಾಗ ನನ್ನ ಮನಸ್ಸಿನಲ್ಲಿದ್ದದ್ದು ಮೈಲಾರ ಮಲ್ಲಯ್ಯ. ಪುಣೆಯವರಿಗೆ ಅದನ್ನು ವಿವರಿಸುವ ಕಷ್ಟವೇ ಬರಲಿಲ್ಲ. ಜೇಜುರಿಯ ಖಂಡೋಬ ಇಲ್ಲಿಂದ ಐವತ್ತು ಕಿಲೋಮೀಟರಿನ ಆಚೆಗೇ ಇದ್ದಾನೆ, ಅವನೂ ಮಲ್ಹಾರಿಯೇ, ಅವನ ಜೊತೆಗೂ ನಾಯಿ. ಅವನ ಭಕ್ತರಾದ ವಾಘ್ಯಾಗಳು, ನಮ್ಮ ಮೈಲಾರದ ಗೊರವಯ್ಯಗಳು, ಇಬ್ಬರೂ ದೇವರ ನಾಯಿಗಳಾಗಿ ಬೊಗಳುವವರೇ. ಚಪಾತಿಯ ಅಜ್ಜಿ ಮಲ್ಲನಿಗೆ ಕೈಮುಗಿದೇ ತಿನ್ನಿಸುವುದು.

ಮರಾಠಿ ಮಿತ್ರರೊಬ್ಬರು ನಡಿಗೆಯಲ್ಲಿ ರಾಯಗಡದ ವಾಘ್ಯಾನ ವಿಷಯ ತೆಗೆಯುತ್ತಾರೆ. ಶಿವಾಜಿ ಮಹಾರಾಜರ ಚಿತೆಗೆ ಹಾರಿತು ಎನ್ನುವ ನಾಯಿ ಅದು. ಸಮಾಧಿಯ ಹತ್ತಿರವಿರುವ ಅದರ ಪ್ರತಿಮೆಯನ್ನು, ಇತಿಹಾಸದಲ್ಲಿ ಆಧಾರವಿಲ್ಲವೆಂದು 2012ರಲ್ಲಿ ಕೆಲವರು ಕಿತ್ತರು, ಮತ್ತೆ ಕೂಡಿಸಲಾಯಿತು, 2025ರಲ್ಲಿ ತಕರಾರು ಮತ್ತೆ ಎದ್ದಿತು. ಆಗ ನಾನು ಸ್ವಲ್ಪ ಎದೆಯುಬ್ಬಿಸಿ ಹೇಳುತ್ತೇನೆ: ನಮ್ಮ ನಾಯಿಗೆ ಶಾಸನದ ಆಧಾರವೇ ಇದೆ ನೋಡ್ರಿ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು, ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಏನು ಬೇಕೋ ಕೇಳು ಅಂದರೆ ಅವನು ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಡನೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೊಂದು ಕಲ್ಲು ನೆಡಿಸಿ, ಭೂಮಿ ಬಿಟ್ಟು, ಗುಡಿಯ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಪಾಪ ಅಂತ ಬರೆಸಿದರು. ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆಗ ಆಳುತ್ತಿದ್ದವನು ರಾಷ್ಟ್ರಕೂಟರ ಮೂರನೆಯ ಕೃಷ್ಣ. ಅದೇ ವಂಶದ ಒಂದನೆಯ ಕೃಷ್ಣನ 758 ಮತ್ತು 768ರ ತಾಮ್ರಶಾಸನಗಳಲ್ಲೇ ಪುಣೆಯ ಹೆಸರು ‘ಪುಣ್ಯವಿಷಯ’, ‘ಪೂನಕವಿಷಯ’ ಎಂದು ಮೊದಲು ಕಾಣುವುದು. ಮಿತ್ರರು ‘ಅಸಂ ಕಾ!’ ಅಂದು ಸುಮ್ಮನಾಗುತ್ತಾರೆ. ಪುಣೇಕರರಿಂದ ಅಷ್ಟು ಹೊರಡಿಸುವುದೇ ದೊಡ್ಡದು.

ಪುಣೆಯ ಇನ್ನೊಂದು ನಾಯಿ ಇತಿಹಾಸ ಕ್ಯಾಂಪಿನ ಕಡೆಯದು. 1817ರ ನವೆಂಬರಿನಲ್ಲಿ ಖಡಕಿಯ ಕಾಳಗದಲ್ಲಿ ಪೇಶವೆಯನ್ನು ಸೋಲಿಸಿದ ಮೇಲೆ ಇಂಗ್ಲಿಷರು ಇಲ್ಲಿ ದಂಡಿನ ಠಾಣೆ ಹಾಕಿದರು. ಸಾಹೇಬರ ಹಿಂದೆ ಸಾಹೇಬರ ನಾಯಿಗಳೂ ಬಂದವು. ‘ಪೂನಾ ಅಂಡ್ ಕಿರ್ಕಿ ಹೌಂಡ್ಸ್’ ಅಂತ ಒಂದು ಹಿಂಡೇ ಇತ್ತು. ವಿಲಾಯತಿಯಲ್ಲಿ ಮಾಡಿದಂತೆ ಇಲ್ಲೂ ಕುದುರೆ ಏರಿ ನಾಯಿ ಬಿಟ್ಟು ಬೇಟೆ. ಅಲ್ಲಿಯ ಫಾಕ್ಸ್ ಇಲ್ಲಿ ಇಲ್ಲದ್ದರಿಂದ ನಮ್ಮ ಬಡ ನರಿಯ ಬೆನ್ನು ಹತ್ತಿದರು. ಅಂಥ ಬೇಟೆ ಹಿಂಡುಗಳು ದೇಶದ ಹಲವು ಊರುಗಳಲ್ಲಿದ್ದವು. ವಿಲಾಯತಿ ನಾಯಿಗಳಿಗೆ ಇಲ್ಲಿಯ ಬಿಸಿಲೂ ಒಗ್ಗಲಿಲ್ಲ, ಉಣ್ಣಿಯೂ ಬಿಡಲಿಲ್ಲ. 1910ರಲ್ಲಿ ಪ್ಯಾಟನ್ ಎಂಬ ವಿಜ್ಞಾನಿ ಮದ್ರಾಸ್ ಹಂಟಿನ ನಾಯಿಗಳ ರಕ್ತದಲ್ಲಿ ಹೊಸ ಜಾತಿಯ ಸೂಕ್ಷ್ಮಜೀವಿಯೊಂದನ್ನು ಕಂಡುಹಿಡಿದರು. ಅದೇ ಜೀವಿ ಆಮೇಲೆ ನರಿಯ ರಕ್ತದಲ್ಲೂ ಸಿಕ್ಕಿತು. ಇಂದು ಅದರ ಹೆಸರು ಬಬೇಸಿಯಾ ಗಿಬ್ಸೊನಿ.

ಈ ಹೆಸರನ್ನು ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ. 2021ರ ಸೆಪ್ಟೆಂಬರಿನಲ್ಲಿ ಮಲ್ಲನ ರಕ್ತಪರೀಕ್ಷೆಯ ಕಾಗದದಲ್ಲಿ ಓದಿದೆ. ಎರಡು ದಿನ ತಟ್ಟೆ ಮುಟ್ಟಿರಲಿಲ್ಲ. ಹಗ್ಗ ತೆಗೆದರೆ ಕುಣಿಯುವವನು ಬಾಗಿಲ ಕಡೆ ನೋಡಿ ಮತ್ತೆ ತಲೆ ಕೆಳಗಿಟ್ಟ. ತುಟಿ ಎತ್ತಿ ನೋಡಿದರೆ ಒಸಡು ಬೆಳ್ಳಗೆ, ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣ. ಊರಿಗೆ ಫೋನು ಮಾಡಿದರೆ ಅಣ್ಣ, ‘ಜವಾರಿ ನಾಯಿಗೆ ಎಂಥಾ ಜ್ವರಾನೋ ತಮ್ಮಾ? ಪ್ಯಾಟಿ ನೀರು ಕುಡಿಸಿ ಕೆಡಿಸೀದಿ’ ಅಂದ. ಡಾಕ್ಟರರು ಹೇಳಿದ್ದು ಬೇರೆ. ಜವಾರಿ ನಾಯಿ ತಡೆದುಕೊಳ್ಳುವುದು ಹೆಚ್ಚು, ಹಾಗಂತ ರೋಗ ಬರುವುದೇ ಇಲ್ಲ ಅಂತಲ್ಲ. ಈ ಜೀವಿ ಕೆಂಪು ರಕ್ತಕಣದೊಳಗೆ ಸೇರಿ ಅದನ್ನು ಒಡೆಯುತ್ತದೆ. ಬೇರೆ ಜಾತಿಯ ಬಬೇಸಿಯಾ ಒಂದೆರಡು ಇಂಜೆಕ್ಷನ್‌ಗೆ ಬಗ್ಗುತ್ತದೆ, ಗಿಬ್ಸೊನಿ ಹಟಮಾರಿ. ಹತ್ತು ದಿನದ ದುಬಾರಿ ಔಷಧ. ನಾಲ್ಕನೆಯ ದಿನ ರಾತ್ರಿ ಅವನ ಉಸಿರು ಎಣಿಸುತ್ತ ಕೂತಿದ್ದೇವೆ, ನಾನೂ ನನ್ನ ಹೆಂಡತಿಯೂ. ಮಕ್ಕಳಿಗೆ ಜ್ವರ ಬಂದಾಗಲೂ ಹಾಗೆ ಕೂತ ನೆನಪು ನನಗಿಲ್ಲ. ಆಗ ಬ್ರ್ಯಾಂಚಿನ ಕ್ಲೋಸಿಂಗ್ ಇರುತ್ತಿತ್ತು. ಆರನೆಯ ದಿನ ಮಜ್ಜಿಗೆ ಅನ್ನ ನೆಕ್ಕಿದ.

ಟೇಕಡಿಯ ಹುಲ್ಲೇ ಕಾರಣ ಅಂತ ನಾವಂದರೆ ಡಾಕ್ಟರರು ತಲೆ ಅಲ್ಲಾಡಿಸಿದರು. ಹುಲ್ಲಿನಲ್ಲೂ ಉಣ್ಣಿ ಇರುತ್ತದೆ, ಆದರೆ ನಾಯಿಯ ಕಂದು ಉಣ್ಣಿ ಗೋಡೆಯ ಬಿರುಕಿನಲ್ಲಿ, ಪಾರ್ಕಿಂಗಿನ ಸಂದಿಯಲ್ಲಿ ಮೊಟ್ಟೆಯಿಟ್ಟು ಸಂಸಾರ ಮಾಡುವ ಪ್ರಾಣಿ. ಗುಡ್ಡವನ್ನು ಬಿಟ್ಟರೆ ಪ್ರಯೋಜನವಿಲ್ಲ, ಪರೀಕ್ಷೆ ಬಿಡಬಾರದು. ಕಚ್ಚಿದ ಕೂಡಲೇ ರೋಗ ದಾಟುವುದಿಲ್ಲ, ಉಣ್ಣಿ ಒಂದೆರಡು ದಿನ ಅಂಟಿಕೊಂಡು ರಕ್ತ ಕುಡಿಯಬೇಕು. ಆದ್ದರಿಂದ ದಿನವೂ ಇಳಿದು ಬಂದ ಮೇಲೆ ಕಿವಿಯ ಒಳಗೆ, ಬೆರಳ ಸಂದಿ, ತೊಡೆಯ ಬುಡ, ಕೊರಳಪಟ್ಟಿಯ ಕೆಳಗೆ ಕೈಯಾಡಿಸುತ್ತೇನೆ. ಸಿಕ್ಕರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯುವುದು. ಸೀಮೆಎಣ್ಣೆ ಹಚ್ಚುವುದು, ಊದುಬತ್ತಿ ತಾಗಿಸುವುದು ನಮ್ಮ ಊರಿನ ಪದ್ಧತಿ, ಅದು ಬೇಡ. ಜೊತೆಗೆ ಡಾಕ್ಟರರು ತೂಕ ನೋಡಿ ಕೊಡುವ ಉಣ್ಣಿಮಾತ್ರೆ, ತಪ್ಪದೆ. ಬ್ಯಾಂಕಿನವನಿಗೆ ಡ್ಯೂ ಡೇಟ್ ಬರೆದಿಡುವುದು ಕಷ್ಟವಲ್ಲ.

ಉಳಿದದ್ದು ಋತುವಿನ ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ಈ ಗುಡ್ಡದ ಕರಿಕಲ್ಲು ಹೆಂಚಿನಂತೆ ಕಾಯುತ್ತದೆ. ಅಂಗೈಯ ಹಿಂಭಾಗವನ್ನು ನೆಲಕ್ಕೆ ಇಟ್ಟು ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಬೇಡ, ಏಳು ಗಂಟೆಯೊಳಗೆ ಮನೆ ಸೇರಬೇಕು. ಮಳೆಗಾಲದಲ್ಲಿ ಗಣಿಯ ಹೊಂಡ ತುಂಬಿದಾಗ ನಾಯಿಗಳಿಗೆ ಹಬ್ಬ, ಆದರೆ ನಿಂತ ನೀರು ಇಲಿಜ್ವರದ ತವರು. ಮನೆಯಿಂದ ಬಾಟಲಿ ಒಯ್ಯುತ್ತೇನೆ, ಲಸಿಕೆಯೂ ವರ್ಷಕ್ಕೊಮ್ಮೆ. ಡಿಸೆಂಬರಿನಲ್ಲಿ ಪುಣೆಯ ಥಂಡಿ ಹತ್ತು ಡಿಗ್ರಿಯ ಕೆಳಗೂ ಇಳಿಯುತ್ತದೆ. ಮೈಯಲ್ಲಿ ಕೊಬ್ಬೇ ಇಲ್ಲದ ಮಲ್ಲನಿಗೆ ಹಳೆಯ ಸ್ವೆಟರಿನ ಅಂಗಿ. ಎದೆ ಆಳವಾದ ನಾಯಿಗೆ ಹೊಟ್ಟೆ ತಿರುಚಿಕೊಳ್ಳುವ ಅಪಾಯವಿರುವುದರಿಂದ ಊಟ ಯಾವಾಗಲೂ ನಡಿಗೆಯ ನಂತರ, ಅದೂ ಸುಧಾರಿಸಿಕೊಂಡ ಮೇಲೆ.

ಹುಚ್ಚುನಾಯಿ ಅಂದರೆ ನಮ್ಮ ತಲೆಮಾರಿಗೆ ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್. 1911ರಲ್ಲಿ ಕಸೌಲಿಯಲ್ಲಿ ಸೆಂಪಲ್ ರೂಪಿಸಿದ, ಪ್ರಾಣಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆ ನಮ್ಮ ದೇಶದಲ್ಲಿ ನಿಂತದ್ದು 2004ರ ಕೊನೆಗೆ. ಈಗ ತೋಳಿಗೆ ಕೊಡುವ ಕೆಲವೇ ಚುಚ್ಚುಮದ್ದು. ಆದರೂ ಬೀದಿನಾಯಿ ಎಂದರೆ ಊರೇ ಎರಡು ಪಕ್ಷ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಮೊದಲು ದಿಲ್ಲಿಯ ಬೀದಿನಾಯಿಗಳನ್ನೆಲ್ಲ ಹಿಡಿದಿಡಿ ಅಂದಿತು. ಹನ್ನೊಂದು ದಿನದ ಮೇಲೆ ಅದನ್ನು ತಿದ್ದಿ, ಹುಚ್ಚು ಹಿಡಿದವು, ಮೇಲೆ ಬೀಳುವಂಥವು ಬಿಟ್ಟು ಉಳಿದವಕ್ಕೆ ಸಂತಾನಹರಣ ಮಾಡಿ, ಲಸಿಕೆ ಹಾಕಿ ಹಿಡಿದ ಜಾಗಕ್ಕೇ ಬಿಡಿ ಅಂದಿತು. ಅವತ್ತು ಟೇಕಡಿಯ ಮೇಲೆ ಮಲ್ಲನಿಗಿಂತ ಹೆಚ್ಚು ಬೊಗಳಿದವರು ನಾವು ಮನುಷ್ಯರು.

ಒಂದು ವಿಷಯದಲ್ಲಿ ಮಾತ್ರ ಎರಡೂ ಪಕ್ಷ ಒಂದೇ. ಬಾಲಭಾರತಿಯಿಂದ ಪೌಡ್ ಫಾಟಾಕ್ಕೆ ವೇತಾಳ ಟೇಕಡಿಯ ಮೈ ಸವರಿಕೊಂಡು ರಸ್ತೆ ಮಾಡುವ ಯೋಜನೆ ದಶಕಗಳಿಂದ ಎದ್ದು ಕೂತು ಮಾಡುತ್ತಿದೆ, ಸುರಂಗದ ಮಾತೂ ಸೇರಿಕೊಂಡಿದೆ. ಟ್ರಾಫಿಕ್ಕಿನಲ್ಲಿ ಬಳಲಿದವರಿಗೆ ರಸ್ತೆ ಬೇಕು, ಅದು ಸುಳ್ಳಲ್ಲ. ಆದರೆ 2023ರ ಏಪ್ರಿಲ್‌ನಲ್ಲಿ ಗುಡ್ಡ ಉಳಿಸಿ ಅಂತ ಮೆರವಣಿಗೆ ಹೊರಟಾಗ ನಾನೂ ನಡೆದೆ. ಮೂವತ್ತು ವರ್ಷ ಈ ಊರಿನಲ್ಲಿದ್ದರೂ ಅಲ್ಲಿಯವರೆಗೆ ಇಲ್ಲಿಯ ಯಾವ ಜಗಳದಲ್ಲೂ ನಾನು ಬಾಯಿ ಹಾಕಿದವನಲ್ಲ, ಹೊರಗಿನವರಿಗೆ ಯಾಕೆ ಅಂತ. ಚಪಾತಿಯ ಅಜ್ಜಿ ನನ್ನನ್ನು ನೋಡಿ ಪಕ್ಕದವಳಿಗೆ ಗುರುತು ಹೇಳಿದರು: ‘ಹೇ ಆಪಲೇ ಮಲ್ಲಾಚೇ ಬಾಬಾ.’ ನಮ್ಮ ಮಲ್ಲನ ಅಪ್ಪ ಇವರು.